ಏಳನೇ ಅಳತೆ

ಊರಿಗೆಲ್ಲ ಅವನು ಅಳತೆಯಣ್ಣ. ಹೆತ್ತವರು ಇಟ್ಟ ಹೆಸರೊಂದು ಚರ್ಚಿನ ಹಳೇ ಪುಸ್ತಕದಲ್ಲಿ, ದೀಕ್ಷಾಸ್ನಾನದ ತಾರೀಕಿನ ಪಕ್ಕ, ಭದ್ರವಾಗಿ ಕೂತಿದೆ. ಅದನ್ನು ಹೊರಗೆ ತೆಗೆಯುವ ಅಗತ್ಯ ಐವತ್ತೆಂಟು ವರ್ಷದಲ್ಲಿ ಯಾರಿಗೂ ಬಿದ್ದಿಲ್ಲ. ಕಸುಬಿನಲ್ಲಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಅರ್ಧಂಬರ್ಧ ಹೊಲಿದ ಅಂಗಿಗಳು. ಟೇಪು ಕೊರಳಲ್ಲಿ ಎಷ್ಟು ಕಾಯಂ ಅಂದರೆ, ಅದಿಲ್ಲದೆ ಹೊರಟರೆ ಹೆಂಡತಿ "ರೀ, ಏನೋ ಬಿಟ್ಟು ಹೋಗ್ತಿದ್ದೀರಿ" ಅಂತ ಕೂಗುತ್ತಾಳೆ. ಎದುರಿಗೆ ಸಿಕ್ಕವರನ್ನು ಕಣ್ಣಲ್ಲೇ ಅಳೆಯುವ ಚಾಳಿ ಬೇರೆ. "ಅಳತೆಯಣ್ಣ ಬಂದ, ಹೊಟ್ಟೆ ಒಳಗೆಳ್ಕೊಳ್ರಪ್ಪ" ಅಂತ ಗಂಡಸರು ಗೇಲಿ ಮಾಡಿದರೆ ಇವನು ನಗುವುದಿಲ್ಲ. "ಎಳ್ಕೊಂಡ್ರೂ ನಲವತ್ತೆರಡೇ" ಅನ್ನುತ್ತಾನೆ.

ಭಾನುವಾರ ಮಾತ್ರ ಅವನು ಚರ್ಚಿನ ಆಳು. ಹೊಲಗಳ ಅಂಚಿನಲ್ಲಿ ಕಲ್ಲಿನ ಸಣ್ಣ ಕಟ್ಟಡ, ಒಳಗೆ ಎಡಕ್ಕೊಂದು ಬಲಕ್ಕೊಂದು ಸಾಲು ಬೆಂಚು, ಮೇಲೊಂದು ಗಂಟೆ, ಮಾಡಿನ ಸಂದಿಯಲ್ಲಿ ಪಾರಿವಾಳಗಳ ಸಂಸಾರ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು, ಪಾರಿವಾಳಗಳಿಗೆ ಬಾಯಿತುಂಬ ಬೈದು, ಅವು ಮಾಡಿದ ಗಲೀಜು ಬಳಿದು, ಬಲಿಪೀಠಕ್ಕೆ ತಾನೇ ಅಂಚು ಹೊಲಿದ ಬಿಳೀ ಬಟ್ಟೆ ಹಾಸಿ, ಗಂಟೆ ಹೊಡೆದು, ಆಮೇಲೆ ವೆಸ್ಟ್ರಿಗೆ ಹೋಗುತ್ತಾನೆ. ವೆಸ್ಟ್ರಿ ಅಂದರೆ ಮಹಾ ದೊಡ್ಡದೇನಲ್ಲ. ಅಯ್ಯನೋರು, ಅಂದರೆ ನಮ್ಮ ಪಾದ್ರಿ, ನಿಲುವಂಗಿ ತೊಡುವ ಪಕ್ಕದ ಕೋಣೆ. ಒಂದು ಮೇಜು, ಕೈ ತೊಳೆಯುವ ಬೇಸಿನ್ನು, ಒಂದು ಕಿಟಕಿ, ಅಂಗಳಕ್ಕೆ ತೆರೆಯುವ ಬಾಗಿಲು, ಅದರ ಹಿಂದೆ ನಿಲುವಂಗಿಗಳ ಗೂಟ, ಮೂಲೆಯಲ್ಲಿ ಬೀಗ ಹಾಕಿದ ಕಪಾಟು. ಕಪಾಟಿನಲ್ಲಿ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ಚರ್ಚಿನ ಸಭೆಯವರು ರೊಟ್ಟಿಯ ಜೊತೆ ಒಂದೊಂದು ಗುಟುಕು ಕುಡಿಯುವ, ಹುಳಿ ಬಂದು ಅಮಲೇರುವ ದ್ರಾಕ್ಷಾರಸದ ಬಾಟಲಿಗಳು. ಬೀಗದ ಕೈ ಅಳತೆಯಣ್ಣನ ಜೇಬಿನಲ್ಲಿ.

ಅವನ ನಿಜವಾದ ಹೆಚ್ಚುಗಾರಿಕೆ ನೋಡಬೇಕಾದರೆ ಇಲ್ಲಿ ನೋಡಬೇಕು. ಚರ್ಚಿನ ಕಟ್ಟಳೆ ಹೀಗಿದೆ: ಅಯ್ಯನೋರು ಪ್ರಾರ್ಥಿಸಿ ಪವಿತ್ರ ಮಾಡಿದ ಮೇಲೆ ಅದು ಬರೀ ದ್ರಾಕ್ಷಾರಸ ಅಲ್ಲ, ಯೇಸುವಿನ ರಕ್ತ. ಉಳಿದರೆ ಬಾಟಲಿಗೆ ವಾಪಸು ಹಾಕುವ ಹಾಗಿಲ್ಲ, ಬೇಸಿನ್ನಿಗೆ ಚೆಲ್ಲುವ ಹಾಗಿಲ್ಲ, ಮುಂದಿನ ವಾರಕ್ಕೆ ಇಡುವ ಹಾಗಿಲ್ಲ. ಆರಾಧನೆ ಮುಗಿದ ಕೂಡಲೇ ಅಲ್ಲೇ, ಭಕ್ತಿಯಿಂದ, ಕುಡಿದು ಮುಗಿಸಬೇಕು. ಅದಕ್ಕೇ ಅಳತೆಯಣ್ಣ ವೆಸ್ಟ್ರಿಯ ಪರದೆ ಸಂದಿಯಿಂದ ತಲೆ ಎಣಿಸುತ್ತಾನೆ. ಹತ್ತು ಜನಕ್ಕೆ ಒಂದು ಅಳತೆ. ಸಣ್ಣ ಗಾಜಿನ ಅಳತೆ ಲೋಟದಿಂದ ಹೂಜಿಗೆ, ಹೂಜಿಯಿಂದ ಬೆಳ್ಳಿ ಪಾತ್ರೆಗೆ. ಯಾರು ಬರೀ ತುಟಿ ಒದ್ದೆ ಮಾಡಿಕೊಳ್ಳುತ್ತಾರೆ, ಯಾವ ಮಹಾನುಭಾವ ಗಟಗಟ ಎಳೆಯುತ್ತಾನೆ, ಎಲ್ಲ ಅವನ ತಲೆಯಲ್ಲಿದೆ. ಒಂಬತ್ತು ವರ್ಷದಲ್ಲಿ ಒಂದು ಗುಟುಕಿಗಿಂತ ಹೆಚ್ಚು ಉಳಿದದ್ದಿಲ್ಲ. ಆ ಗುಟುಕನ್ನು ಹಳೇ ಅಯ್ಯನೋರು ತಾವೇ ಮುಗಿಸುತ್ತಿದ್ದರು.

ಅಳತೆಯಣ್ಣ ಮಾತ್ರ ಅದನ್ನು ತುಟಿಗೆ ಸೋಕಿಸುವವನಲ್ಲ. ರೊಟ್ಟಿ ತಗೊಳ್ಳುತ್ತಾನೆ, ಪಾತ್ರೆ ಬಂದಾಗ ಎದೆಗೆ ಕೈಕಟ್ಟಿ ತಲೆ ಬಾಗಿಸುತ್ತಾನೆ. ಯಾಕೆಂದರೆ ಇಂಥ ಅಳತೆಯಣ್ಣ ಒಂದು ಕಾಲದಲ್ಲಿ ಮಹಾ ಕುಡುಕ. ಸುಮ್ಮಸುಮ್ಮನೆ ಹೇಳುತ್ತಿಲ್ಲ, ಊರೇ ಕಂಡದ್ದು. ಕತ್ತರಿ ಹಿಡಿದ ಕೈ ನಡುಗಿ ಮಂದಿಯ ಮದುವೆ ಬಟ್ಟೆ ಹಾಳು ಮಾಡಿದ್ದಾನೆ. ಒಬ್ಬಳೇ ಮಗಳು, ಹದಿನಾಲ್ಕು ವರ್ಷದವಳು, ಬಿಷಪ್ಪರ ಮುಂದೆ ಮೊಣಕಾಲೂರಿ ದೃಢೀಕರಣ ತಗೊಂಡು ಸಭೆಯ ಪೂರ್ಣ ಸದಸ್ಯಳಾಗುವ ದಿನ. ಅವಳ ಬಿಳೀ ಫ್ರಾಕನ್ನು ಅಪ್ಪನೇ ಹೊಲಿದಿದ್ದ. ಒಂದು ತೋಳು ಮಣಿಕಟ್ಟಿಗೆ, ಇನ್ನೊಂದು ಮೊಣಕೈಗೆ. ಉರಿಬೇಸಿಗೆಯಲ್ಲಿ ಆ ಹುಡುಗಿ ಅಮ್ಮನ ಶಾಲು ಹೊದ್ದು ಸಾಲಲ್ಲಿ ನಿಂತಳು. ಪಿನ್ನು ಕಿತ್ತು ಶಾಲು ಜಾರಿದಾಗ ಹಿಂದಿನ ಬೆಂಚಿನವರು ಕಿಸಕ್ಕೆಂದು ನಕ್ಕದ್ದು ಅವಳ ಕಿವಿಗೆ ಬಿತ್ತು. ಅವತ್ತಿನಿಂದ ಅವಳು ಅಪ್ಪ ಹೊಲಿದ ಬಟ್ಟೆ ತೊಟ್ಟಿಲ್ಲ. ಓದಿ, ಪಟ್ಟಣ ಸೇರಿ, ಔಷಧಿ ಅಂಗಡಿಯಲ್ಲಿ ಕೆಲಸ ಹಿಡಿದಳು.

ಅವಳು ಮನೆ ಬಿಟ್ಟ ವರ್ಷವೇ ಅವನು ಕುಡಿತ ಬಿಟ್ಟದ್ದು. ತಡ ಆಯಿತು ಅನ್ನಿ. ಬಿಟ್ಟು ಮೂರು ತಿಂಗಳಿಗೆ ಹಳೇ ಅಯ್ಯನೋರು ಅವನನ್ನು ಕರೆದು ಕಪಾಟಿನ ಬೀಗದ ಕೈ ಅಂಗೈಗೆ ಒತ್ತಿದರು. ಸಭೆಯವರು ಅಯ್ಯನೋರಿಗೆ ತಲೆ ಕೆಟ್ಟಿದೆ ಅಂದರು. ಹೆಂಡತಿ ನೇರವಾಗಿ ಹೋಗಿ ಜಗಳವನ್ನೇ ಮಾಡಿದಳು. ಅವರು, "ಇರಲಿ ತಾಯಿ, ಅವನ ಹತ್ರವೇ ಇರಲಿ" ಅಂದರೇ ಹೊರತು ಇನ್ನೊಂದು ಮಾತಾಡಲಿಲ್ಲ. ಒಂಬತ್ತು ವರ್ಷ ಆ ಕಪಾಟಿನ ಒಂದು ಬಾಟಲಿಯೂ ಲೆಕ್ಕ ತಪ್ಪಲಿಲ್ಲ.

ಮಗಳಿಗೆ ಮಾತ್ರ ನಂಬಿಕೆ ಬರಲಿಲ್ಲ. ಬರುವುದಾದರೂ ಹೇಗೆ? ಎರಡು ವರ್ಷದ ಹಿಂದೆ ಅವಳ ಮದುವೆ ಪಟ್ಟಣದಲ್ಲಿ, ಗಂಡಿನ ಕಡೆಯವರ ಚರ್ಚಿನಲ್ಲಿ ಆಯಿತು. ಅಪ್ಪನನ್ನು ಕೊನೇ ಸಾಲಿನಲ್ಲಿ ಕೂರಿಸಿ, ಊಟ ಆದ ಕೂಡಲೇ ಬಸ್ಸು ಹತ್ತಿಸಿದಳು. ಕಾರಣ ಇತ್ತು. ಗಂಡಿನ ತಾಯಿ ಅವರ ಸಭೆಯ ಪಾನವಿರೋಧಿ ಮಹಿಳಾ ಸಂಘದ ಅಧ್ಯಕ್ಷೆ. ಆಕೆಯ ಭಾಷಣ ಕೇಳಿ ಕುಡುಕರು ಬಿಟ್ಟದ್ದುಂಟೋ ಇಲ್ಲವೋ, ಕುಡಿಯದವರೂ ಹೆದರಿ ನಡುಗಿದ್ದುಂಟು.

ಹೀಗಿರುವಾಗ ಒಂದು ಸಂಜೆ ಮಗಳ ಫೋನು ಬಂತು. ಮಗುವಿಗೆ ಐದು ತಿಂಗಳು, ದೀಕ್ಷಾಸ್ನಾನ ನಮ್ಮೂರ ಚರ್ಚಿನಲ್ಲೇ ಮಾಡಿಸಬೇಕು ಅಂತ ತಾನೇ ಹಟ ಹಿಡಿದು ಒಪ್ಪಿಸಿದ್ದೇನೆ, ನಲವತ್ತು ಜನ ಬರುತ್ತೇವೆ ಅಂದಳು. ಅಳತೆಯಣ್ಣನ ಕಣ್ಣು ಮಂಜಾಯಿತು. ಅವಳು ಅಲ್ಲಿಗೇ ನಿಲ್ಲಿಸಲಿಲ್ಲ.

"ಅಪ್ಪ, ಒಂದೇ ಮಾತು. ನಿನ್ನ ಹಳೇದು ಅವರಿಗೆ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂಬಾರದು. ಅವತ್ತೇನಾದ್ರೂ ಹೆಚ್ಚುಕಮ್ಮಿ ಆದ್ರೆ, ಮಗೂನ ಎತ್ಕೊಂಡು ಹೊರಟುಬಿಡ್ತೀನಿ. ಆಮೇಲೆ ಈ ಕಡೆ ತಲೆ ಹಾಕಲ್ಲ."

"ಆಯ್ತಮ್ಮ" ಅಂದ. ಬೇರೇನು ಹೇಳಿಯಾನು.

ಆ ಭಾನುವಾರ ಬೀಗರು ಎರಡು ವ್ಯಾನಿನಲ್ಲಿ ಬಂದಿಳಿದರು. ಕೋಟು, ರೇಷ್ಮೆ ಸೀರೆ, ಸೆಂಟಿನ ಘಮಘಮ. ಬಲಗಡೆಯ ಬೆಂಚುಗಳಲ್ಲಿ ಒಬ್ಬರ ತೋಳು ಒಬ್ಬರಿಗೆ ತಾಗುವಷ್ಟು ತುಂಬಿ ಕೂತರು. ಅಳತೆಯಣ್ಣ ಪರದೆ ಸಂದಿಯಿಂದ ಎಣಿಸಿದ. ಎಡಗಡೆ ತನ್ನ ಸಭೆಯವರು, ಅಯ್ಯನೋರೂ ಸೇರಿ ಮೂವತ್ತು. ಬಲಗಡೆ ಬೀಗರು, ನಲವತ್ತೆರಡು. ದೀಕ್ಷಾಸ್ನಾನಕ್ಕೆ ಬಂದ ನೆಂಟರಲ್ಲಿ ಮುಕ್ಕಾಲು ಪಾಲು ಕರ್ತನ ಭೋಜನಕ್ಕೆ ಏಳುವುದಿಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಬೇರೆ ಯಾರದ್ದಾದರೂ ಆಗಿದ್ದರೆ ಕಣ್ಣುಮುಚ್ಚಿ ಕಳೆದುಬಿಡುತ್ತಿದ್ದ. ಇವರು ಬೀಗರು! ಬೀಗರನ್ನು ಲೆಕ್ಕದಿಂದ ಕಳೆಯುವುದುಂಟೇ? ಸಾಲಿನ ಕೊನೆಗೆ ನಿಂತ ಬೀಗಿತ್ತಿಯ ಸರದಿಗೆ ಪಾತ್ರೆ ಖಾಲಿ ಆಗಿಬಿಟ್ಟರೆ? ಮಗಳ ಮುಖ ಎಲ್ಲಿಡಬೇಕು? ಎಂಟು ಅಳತೆ ಸಾಕಾಗಿತ್ತು. ಮರ್ಯಾದೆ ಪ್ರಶ್ನೆ ಅಂತ ಇನ್ನೆರಡು ಸೇರಿಸಿ ಹತ್ತು ಸುರಿದ. ಕೈ ಧಾರಾಳವಾಗಿದ್ದದ್ದು ಅವನ ಜನ್ಮದಲ್ಲಿ ಅದೇ ಮೊದಲು.

ಮಗುವಿನ ಹಣೆಗೆ ನೀರು ಬಿತ್ತು. ಅದು ಮಾಡು ಹಾರಿಹೋಗುವಂತೆ ಅತ್ತಿತು, ಎಲ್ಲರೂ ನಕ್ಕರು. ಆಮೇಲೆ ಭೋಜನದ ಸರದಿ. ಎಡಗಡೆಯವರು ಸಾಲಾಗಿ ಎದ್ದರು. ಬಲಗಡೆ ಒಬ್ಬರಾದರೂ ಮಿಸುಕಬೇಕಲ್ಲ? ಬೀಗಿತ್ತಿ ಕೈಚೀಲ ತೊಡೆಯ ಮೇಲಿಟ್ಟು ನೆಟ್ಟಗೆ ಕೂತಿದ್ದಳು, ಉಳಿದವರು ಆಕೆಯ ಹಾಗೇ ಕೂತಿದ್ದರು. ಅವರ ಸಭೆಯಲ್ಲಿ ಕರ್ತನ ಮೇಜಿನ ಮೇಲೂ ಹಿಂಡಿದ ಹಣ್ಣಿನ ರಸವೇ. ಹುಳಿ ಬಂದದ್ದನ್ನು ಸತ್ತರೂ ಮುಟ್ಟುವವರಲ್ಲ. ಇದನ್ನು ಇವನಿಗೆ ಯಾರೂ ಹೇಳಿರಲಿಲ್ಲ. ಒರೆಸುವ ಬಟ್ಟೆ ಹಿಡಿದು ಬಲಿಪೀಠದ ಪಕ್ಕ ನಿಂತಿದ್ದ ಅಳತೆಯಣ್ಣ ತುಂಬಿದ ಹೂಜಿ ನೋಡಿದ, ಖಾಲಿ ನಡುದಾರಿ ನೋಡಿದ. ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೂವತ್ತು ಜನಕ್ಕೆ ಮೂರು ಅಳತೆ. ಉಳಿದದ್ದು ಏಳು.

ಹಳೇ ಅಯ್ಯನೋರು ನಿವೃತ್ತಿಯಾಗಿ ಬೇರೆ ಊರು ಸೇರಿದ್ದರು. ಹೊಸಬರು ಬಂದು ಮೂರು ವಾರ. ನಾಲ್ಕು ಹಳ್ಳಿಯ ನಾಲ್ಕು ಚರ್ಚು ಅವರೊಬ್ಬರ ತಲೆ ಮೇಲೆ, ಪಾಪ, ಆಶೀರ್ವಾದ ಹೇಳುವಾಗಲೇ ಒಂದು ಕಾಲು ಕಾರಿನಲ್ಲಿ. ವೆಸ್ಟ್ರಿಗೆ ಬಂದು ನಿಲುವಂಗಿ ಕಳಚುತ್ತ ಹೂಜಿ ನೋಡಿ ಹೌಹಾರಿದರು.

"ಅಯ್ಯೋ ಅಣ್ಣ, ಇದೇನಿಷ್ಟು ಉಳಿದುಬಿಟ್ಟಿದೆ!"

ಪಾತ್ರೆ ಎತ್ತಿ ಒಂದೇ ಒಂದು ಗುಟುಕು ಕುಡಿದು ಕೆಳಗಿಟ್ಟರು. "ಇದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ. ಇನ್ನೂ ಎರಡು ಚರ್ಚು ಇದೆ, ಗಾಡಿ ನಾನೇ ಓಡಿಸಬೇಕು. ದಾರೀಲಿ ಪೊಲೀಸರು ಹಿಡಿದು ಊದಿಸಿದ್ರೆ ಬಿಷಪ್ಪರಿಗೆ ಏನಂತ ಹೇಳಲಿ? ನೀವು ಭಕ್ತಿಯಿಂದ ಮುಗಿಸಿಬಿಡಿ."

ಅಳತೆಯಣ್ಣ ಬಾಯಿ ತೆರೆದ. ಅಯ್ಯನೋರೇ, ನಾನು ಕುಡಿಯೋ ಹಾಗಿಲ್ಲ. ಅಷ್ಟೇ ಹೇಳಬೇಕಾದದ್ದು. ಅಷ್ಟರಲ್ಲಿ ಬಾಗಿಲಲ್ಲಿ ರೇಷ್ಮೆ ಸೀರೆ ಸರಭರ ಅಂದಿತು. ಅಯ್ಯನೋರಿಗೆ ಕೃತಜ್ಞತೆ ಹೇಳಲು ಬಂದು ನಿಂತಿದ್ದಳು ಬೀಗಿತ್ತಿ.

"ಆಗ್ಲಿ ಅಯ್ಯನೋರೇ" ಅಂದುಬಿಟ್ಟ.

ಅವರು ಬೀಗಿತ್ತಿಯ ಕೈ ಕುಲುಕಿ, ಮಾತಾಡುತ್ತಲೇ ಅಂಗಳ ದಾಟಿದರು. ಕಾರು ಹೊರಟ ಸದ್ದು ಕೇಳಿಸಿತು. ವೆಸ್ಟ್ರಿಯಲ್ಲಿ ಅಳತೆಯಣ್ಣ, ಮೇಜಿನ ಮೇಲೆ ಅರ್ಧ ತುಂಬಿದ ಪಾತ್ರೆ, ಅದರ ಪಕ್ಕ ಅರ್ಧ ತುಂಬಿದ ಹೂಜಿ.

ಸಭೆಯವರಲ್ಲಿ ಭೋಜನ ತಗೊಂಡ ಯಾರು ಬೇಕಾದರೂ ಮುಗಿಸಬಹುದು. ಐದಾರು ಜನ ಬಂದರೆ ಎರಡು ನಿಮಿಷದ ಕೆಲಸ. ಹೆಂಡತಿಗೆ ಒಂದು ಮಾತು ಹೇಳಿದರೆ ಸಾಕು, ಅವಳು ನಾಲ್ಕು ಮುದುಕಿಯರನ್ನು ಸದ್ದಿಲ್ಲದೆ ಕರೆತರುತ್ತಾಳೆ. ಬಾಗಿಲಿಗೆ ಬಂದು ನೋಡಿದ. ಮರದ ಕೆಳಗೆ ಮೇಜು ಹಾಕಿ ಹೆಂಡತಿ ಕೇಕು ಕತ್ತರಿಸುತ್ತಿದ್ದಳು. ಬೀಗಿತ್ತಿ ಆಗಲೇ ವಾಪಸಾಗಿ ಅವಳ ಮಗ್ಗುಲಿಗೆ ಅಂಟಿ ನಿಂತಾಗಿತ್ತು. ಮಗಳು ಪಕ್ಕದಲ್ಲೇ ಕಪ್ಪುಗಳಿಗೆ ಟೀ ಬಗ್ಗಿಸುತ್ತಿದ್ದಳು, ಮಗು ಅಳಿಯನ ಹೆಗಲ ಮೇಲೆ.

"ಇವಳೇ, ಸ್ವಲ್ಪ ಬಾ ಇಲ್ಲಿ" ಅಂದ.

ಹೆಂಡತಿಗಿಂತ ಮೊದಲು ತಿರುಗಿದ್ದು ಬೀಗಿತ್ತಿ. "ಬೀಗರೇ, ನಿಮ್ಮನ್ನೇ ಕೇಳ್ಬೇಕು ಅಂತಿದ್ದೆ. ಎಲ್ಲರೂ ಕುಡಿದ್ರು, ನೀವು ಮಾತ್ರ ಪಾತ್ರೆ ಮುಟ್ಟಲಿಲ್ಲ. ಯಾಕೆ?"

ಎಂಥ ಕಣ್ಣಪ್ಪ ಆಕೆಯದು! ಸಭೆಯ ಹೆಂಗಸರೆಲ್ಲ ತಂತಮ್ಮ ಕಪ್ಪಿನೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ನೋಡತೊಡಗಿದರು. ಅಷ್ಟರಲ್ಲಿ ಮಗಳು ಟೀ ಬಗ್ಗಿಸುತ್ತಲೇ ಅಂದಳು, "ಅಪ್ಪನಿಗೆ ಹೊಟ್ಟೆಹುಣ್ಣು ಅತ್ತೆ. ಹುಳಿ ಆಗಲ್ಲ."

"ಅಯ್ಯೋ, ಹೌದಾ? ನಮ್ಮ ಸಂಘದಲ್ಲಿ ನಾವು ಹೇಳೋದೂ ಅದೇ. ಆ ದರಿದ್ರದ್ದು ಹೊಟ್ಟೆಗೆ ಹೋಗದೇ ಇದ್ರೇ ವಾಸಿ."

ಮಗಳು ಅಪ್ಪನ ಕಡೆ ಒಂದು ನೋಟ ಬೀರಿದಳು. ಒಳಗೆ ಹೋಗು ಅನ್ನುವ ನೋಟ. ಈಗ ನಾಲ್ಕು ಮುದುಕಿಯರು ಕೇಕು ಬಿಟ್ಟು ವೆಸ್ಟ್ರಿಗೆ ಮೆರವಣಿಗೆ ಹೊರಟರೆ ಬೀಗಿತ್ತಿ ಐದನೆಯವಳಾಗಿ ಹಿಂದೆಯೇ ಬರುತ್ತಾಳೆ. ಅಳತೆಯಣ್ಣ ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದ.

ಚೆಲ್ಲಿಬಿಟ್ಟರೆ? ಬೇಸಿನ್ನು ಎರಡು ಹೆಜ್ಜೆ ದೂರ. ಹೂಜಿ ಎತ್ತಿಕೊಂಡು ಅಲ್ಲಿಯವರೆಗೂ ಹೋದ. ಪಾರಿವಾಳದ ಗಲೀಜು ಬಳಿದ ಬಟ್ಟೆಯನ್ನು ಬೆಳಿಗ್ಗೆ ಅದರಲ್ಲೇ ಹಿಂಡಿದ್ದ. ಮೈ ಝುಮ್ಮೆಂದಿತು. ಆಗಲಿಲ್ಲ ಅವನ ಕೈಲಿ. ನೀವು ಏನಾದರೂ ಅನ್ನಿ, ಅವನ ಪಾಲಿಗೆ ಅದು ಕರ್ತನ ರಕ್ತ. ಈ ಒಂಬತ್ತು ವರ್ಷ ಹಲ್ಲುಕಚ್ಚಿ ಹಿಡಿದುಕೊಂಡು ನಿಂತದ್ದು ಅದೊಂದನ್ನೇ.

ಕಪಾಟಿನಲ್ಲಿಟ್ಟು ಬೀಗ ಹಾಕೋಣ, ಬೀಗರು ಹೊರಟ ಮೇಲೆ ಮುದುಕಿಯರನ್ನು ಕರೆಯೋಣ ಅಂದುಕೊಂಡ. ಕಟ್ಟಳೆ ಸ್ವಲ್ಪ ಮುರಿದ ಹಾಗಾಗುತ್ತೆ, ಆಗಲಿ. ಪಾತ್ರೆ, ಹೂಜಿ ಎರಡನ್ನೂ ಒಳಗಿಟ್ಟು, ಬಟ್ಟೆ ಮುಚ್ಚಿ, ಬೀಗ ಹಾಕಿದ. ಬೀಗದ ಕೈ ಜೇಬಿಗೆ ಹಾಕಿದ. ಹೊರಗೆ ಹೋಗಬೇಕು. ಹೋಗಲಿಲ್ಲ, ಕಪಾಟಿನ ಮುಂದೆಯೇ ನಿಂತ.

ಒಂಬತ್ತು ವರ್ಷ ಆ ಕಪಾಟಿನಲ್ಲಿ ಇದ್ದದ್ದು ಬಿರಡೆ ಹಾಕಿದ ಬಾಟಲಿಗಳು. ಬಿರಡೆ ತೆಗೆದು, ಪಾತ್ರೆಗೆ ಬಗ್ಗಿಸಿ, "ಮುಗಿಸಿಬಿಡಿ" ಅಂತ ಅಪ್ಪಣೆ ಕೊಡಿಸಿಕೊಂಡು ಕಾದು ಕೂತದ್ದಲ್ಲ. ಅಪ್ಪಣೆಯೇ ಸಿಕ್ಕಿದೆಯಲ್ಲ! ಒಳಗೆ ಒಂದು ದನಿ ಎದ್ದಿತು. ಹಳೇ ದನಿಯೇ, ಆದರೆ ಈ ಸಲ ನಿಲುವಂಗಿ ತೊಟ್ಟು ಬಂದಿತ್ತು. ಇದೇನು ಸಾರಾಯಿಯೇ ಮಾರಾಯ? ಇದು ಪವಿತ್ರವಾದದ್ದು, ಇದರಿಂದ ಯಾರಿಗೆ ಕೆಡುಕಾದೀತು? ಕತ್ತಲೆ ಕಪಾಟಿನಲ್ಲಿ ಬಚ್ಚಿಡುವುದು ಅಪಚಾರ ಅಲ್ಲವೇ? ಅಯ್ಯನೋರು ಹೇಳಿದ್ದಾರೆ. ನೀನು ಒಪ್ಪಿಕೊಂಡಿದ್ದೀಯ. ಕುಡಿದರೆ ತಪ್ಪಲ್ಲ, ಕುಡಿಯದಿದ್ದರೇ ತಪ್ಪು.

ಬಟ್ಟೆ ಸರಿಯಾಗಿ ಮುಚ್ಚಿದ್ದೇನೋ ಇಲ್ಲವೋ ನೋಡೋಣ ಅಂತ ಬೀಗ ತೆಗೆದ. ಸರಿಯಾಗಿಯೇ ಮುಚ್ಚಿತ್ತು. ಮತ್ತೆ ಬೀಗ ಹಾಕಿದ. ನೊಣ ಹೋಗಿದ್ದರೆ ಅಂತ ಇನ್ನೊಮ್ಮೆ ತೆಗೆದ. ನೊಣ ಇರಲಿಲ್ಲ. ಮೂರನೇ ಸಲ ತೆಗೆದಾಗ ನೆಪ ಹುಡುಕುವ ಗೋಜಿಗೂ ಹೋಗಲಿಲ್ಲ. ಹೂಜಿಯನ್ನೂ ಪಾತ್ರೆಯನ್ನೂ ಮೇಜಿನ ಮೇಲೆ ತಂದಿಟ್ಟು, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿದ. ಎತ್ತಿದ ರಭಸಕ್ಕೆ ಅಂಗಿಯ ತೋಳಿಗೆ ನಾಲ್ಕು ಹನಿ ತುಳುಕಿತು. ವಾಸನೆ ನೇರ ನೆತ್ತಿಗೆ ಏರಿತು. ಬಾಯಲ್ಲಿ ನೀರೂರಿತು, ಛೀ ಅನಿಸಿತು, ಮತ್ತೆ ಊರಿತು. ತುಟಿಗೂ ಪಾತ್ರೆಗೂ ನಾಲ್ಕು ಬೆರಳು. ಕರ್ತನೇ, ಯಾರನ್ನಾದರೂ ಕಳಿಸು ಅಂದುಕೊಂಡ. ಯಾರನ್ನೂ ಕಳಿಸಬೇಡ ಅಂತಲೂ ಅಂದುಕೊಂಡ, ಅದೂ ನಿಜವೇ.

ಬಾಗಿಲು ತೆರೆಯಿತು.

"ಅಪ್ಪ, ಫೋಟೋಗೆ ಎಲ್ಲರೂ ಕಾಯ್ತಿ..."

ಮಗಳ ಮಾತು ಅಲ್ಲೇ ನಿಂತಿತು. ಅವಳು ಬಂದದ್ದು ಅಪ್ಪನನ್ನು ತಾನೇ ಕರೆದುಕೊಂಡು ಹೋಗಿ, ಮಗುವನ್ನು ಅವನ ಕೈಗೆ ಕೊಟ್ಟು, ಫೋಟೋಗೆ ನಿಲ್ಲಿಸಬೇಕು ಅಂತ. ಕಂಡದ್ದು ಇದು. ಒಳಗೆ ಬಂದು ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತಳು. ಮುಖ ಬೆಳ್ಳಗಾಗಿತ್ತು.

"ಕುಡಿದಿಲ್ಲ ಕಣಮ್ಮ" ಅಂದ ಅಳತೆಯಣ್ಣ.

ಅಂದಮೇಲೆ ಅವನಿಗೇ ಎದೆ ಧಸಕ್ಕೆಂದಿತು. ಈ ಮಾತನ್ನು ಅವಳು ಎಷ್ಟು ಸಾವಿರ ಸಲ ಕೇಳಿಲ್ಲ! ಹೊಸಿಲಲ್ಲಿ ಎಡವಿ ಬಿದ್ದಾಗ ಇದೇ ಮಾತು. ಶಾಲೆಯ ಬಾಗಿಲಲ್ಲಿ ಟೀಚರ್ ಎದುರು ಓಲಾಡುತ್ತ ನಿಂತಾಗ ಇದೇ ಮಾತು. ಆ ಎರಡು ಅಳತೆ ತೋಳಿನ ಫ್ರಾಕು ಎತ್ತಿ ಹಿಡಿದು ಅವಳು ಗೋಳೋ ಎಂದು ಅತ್ತಾಗಲೂ ಇದೇ ಮಾತು, ಇದೇ ರಾಗ. ಅವಳು ಹುಟ್ಟಿದಾಗಿನಿಂದ ಸುಳ್ಳಿಗೇ ಸವೆಸಿದ ಮಾತನ್ನು ಇವತ್ತು ನಿಜಕ್ಕೆ ಬಳಸಿದರೆ ಅದು ನಿಜದ ಹಾಗೆ ಕೇಳೀತೇ?

"ಊದು" ಅಂದಳು.

ಊದಿದ. ಅವಳು ಮೂಗು ಹತ್ತಿರ ತಂದಳು, ಹಿಂದೆ ಸರಿದಳು. ಕೋಣೆಯ ತುಂಬ ಅದೇ ವಾಸನೆ, ಅಂಗಿಯ ತೋಳಿನ ಮೇಲೆ ಕೆಂಪು ಕಲೆ, ಕೈಬೆರಳಲ್ಲಿ ಅದೇ. ಯಾವುದು ಉಸಿರಿನದು, ಯಾವುದು ಪಾತ್ರೆಯದು ಅಂತ ದೇವರೇ ಹೇಳಬೇಕು.

"ಗೊತ್ತಾಗ್ತಿಲ್ಲ ನಂಗೆ" ಅಂದಳು. "ಒಂದೇ ಒಂದು ಕೇಳಿದ್ದೆ ಅಪ್ಪ. ಒಂದೇ ಒಂದು."

"ಕುಡಿಯೋದ್ರಲ್ಲಿದ್ದೆ. ಸುಳ್ಳು ಹೇಳಲ್ಲ. ನೀನು ಇನ್ನೊಂದು ಗಳಿಗೆ ತಡ ಮಾಡಿದ್ರೆ ಕುಡೀತಿದ್ನೋ ಏನೋ. ಆದ್ರೆ ಕುಡಿದಿಲ್ಲ." ಪಾತ್ರೆ ಮೇಜಿನ ಮೇಲಿಟ್ಟ. ಅಳತೆ ಲೋಟ ತೆಗೆದು ಅವಳ ಮುಂದೆ ಹಿಡಿದ. "ಅಳೆದು ನೋಡು. ಹತ್ತು ಅಳತೆ ಸುರಿದದ್ದು. ಮೂವತ್ತು ಜನ ತಗೊಂಡ್ರು, ಅಂದ್ರೆ ಮೂರು. ಇನ್ನು ಏಳಿರಬೇಕು."

ಸಿಟ್ಟಿನಲ್ಲೇ ಲೋಟ ಕಿತ್ತುಕೊಂಡಳು. ಆದರೆ ಕೈ ಔಷಧಿ ಅಂಗಡಿಯ ಕೈ, ಸಿಟ್ಟಿನಲ್ಲೂ ಹನಿ ಚೆಲ್ಲದು. ಪಾತ್ರೆಯಲ್ಲಿದ್ದದ್ದನ್ನು ಹೂಜಿಗೆ ವಾಪಸು ಬಗ್ಗಿಸಿದಳು. ಹೂಜಿಯಿಂದ ಲೋಟಕ್ಕೆ, ಗೆರೆಯ ಮಟ್ಟಕ್ಕೆ ಕಣ್ಣು ತಗ್ಗಿಸಿ ನೋಡಿ, ಲೋಟದಿಂದ ಪಾತ್ರೆಗೆ.

"ಒಂದು."

ಹೊರಗೆ ಯಾರೋ ಮಗುವನ್ನು ನಗಿಸುತ್ತಿದ್ದರು.

"ಎರಡು. ಮೂರು."

ಅಳತೆಯಣ್ಣ ಕೊರಳ ಟೇಪಿನ ಎರಡೂ ತುದಿ ಹಿಡಿದು ನಿಂತಿದ್ದ. ಅವಳು ಅಳೆಯುವ ರೀತಿ ನೋಡಿ, ಆ ಗಳಿಗೆಯಲ್ಲೂ, ಹೆಮ್ಮೆ ಅನಿಸಿತು. ನಾಲ್ಕು ಅಂದಳು. ಐದು. ಆರು. ಕೊನೆಗೆ ಹೂಜಿಯನ್ನು ಪೂರ್ತಿ ಬೋರಲು ಹಾಕಿ, ಕೊನೇ ಹನಿ ಇಳಿಯುವವರೆಗೂ ಹಿಡಿದಳು. ಏಳನೇ ಲೋಟ ತುಂಬಲಿಲ್ಲ. ಗೆರೆಗಿಂತ ಎರಡು ಬೆರಳು ಕೆಳಗೆ ನಿಂತಿತು.

ಇಬ್ಬರೂ ಅದನ್ನೇ ನೋಡಿದರು.

"ಇದು?"

"ಅಯ್ಯನೋರು ಒಂದು ಗುಟುಕು ತಗೊಂಡ್ರು. ಹೋಗೋ ಮುಂಚೆ."

"ಯಾರು ನೋಡಿದ್ರು?"

"ಯಾರೂ ಇಲ್ಲ. ನಾನೊಬ್ನೇ ಇದ್ದೆ."

"ಒಂದು 'ಗುಟುಕು'" ಅಂದಳು ಮಗಳು. ಈ ಲೆಕ್ಕವೂ ಅವಳಿಗೆ ಹಳೆಯದೇ. ಯಾವಾಗಲೂ ಒಂದೇ ಗುಟುಕು, ಯಾವಾಗಲೂ ಬೇರೆ ಯಾರೋ ಕುಡಿದದ್ದು. ಕೈಚೀಲದಿಂದ ಫೋನು ತೆಗೆದಳು. "ಅಯ್ಯನೋರ ನಂಬರು ಹೇಳು."

ಅಳತೆಯಣ್ಣ ಗೋಡೆಯ ಮೇಲೆ ಅಂಟಿಸಿದ್ದ ಚೀಟಿ ನೋಡಿ ಒಂದೊಂದೇ ಅಂಕಿ ಓದತೊಡಗಿದ. ಗೋಗರೆಯಲಿಲ್ಲ, ಆಣೆ ಇಡಲಿಲ್ಲ. ಕನ್ನಡಕ ಇಲ್ಲದ್ದರಿಂದ ಕಣ್ಣು ಕಿರಿದು ಮಾಡಿ, ಬೆರಳಿಟ್ಟು, ತಪ್ಪಾಗಬಾರದು ಅಂತ ನಿಧಾನವಾಗಿ ಓದಿದ. ಆರು ಅಂಕಿ ಓದಿದ ಮೇಲೆ, "ಇದು ಮೂರೋ ಎಂಟೋ, ನೀನೇ ಸ್ವಲ್ಪ ನೋಡಮ್ಮ" ಅಂತ ತಿರುಗಿದ.

ಅವಳು ಅಂಕಿ ಒತ್ತುತ್ತಿರಲೇ ಇಲ್ಲ. ಅವನನ್ನೇ ನೋಡುತ್ತಿದ್ದಳು. ನರೆತ ತಲೆ, ಕಲೆಯಾದ ತೋಳು, ಬೀಗರಿಗಾಗಿ ಹೊಸದಾಗಿ ಹೊಲಿದುಕೊಂಡ ಅಂಗಿ. ಆಮೇಲೆ ಫೋನನ್ನು ಕೈಚೀಲಕ್ಕೆ ಹಾಕಿ ಚೈನು ಎಳೆದಳು.

"ಬೇಡ ಬಿಡು" ಅಂದಳು.

ಬಾಗಿಲು ಪೂರ್ತಿ ತೆರೆದು ಅಂಗಳಕ್ಕೆ ಕೇಳುವ ಹಾಗೆ ಕೂಗಿದಳು. "ಅಮ್ಮಾ! ಭೋಜನ ತಗೊಂಡೋರು ಐದಾರು ಜನ ಬನ್ನಿ ಇಲ್ಲಿ. ಪಾತ್ರೆಯಲ್ಲಿ ತುಂಬಾ ಉಳಿದಿದೆ, ಮುಗಿಸಬೇಕು. ಅಪ್ಪ ಕುಡಿಯೋ ಹಾಗಿಲ್ಲ."

ಮುದುಕಿಯರು ಕಪ್ಪು ಕೆಳಗಿಟ್ಟು ಎದ್ದರು. ಅವರಿಗಿಂತ ಮೊದಲು ಬಾಗಿಲಿಗೆ ಬಂದದ್ದು ಬೀಗಿತ್ತಿಯೇ. ಬಂದವಳೇ ಮೂಗಿಗೆ ಸೆರಗು ಹಿಡಿದಳು. ಮೇಜಿನ ಮೇಲಿನ ಪಾತ್ರೆ, ಅಂಗಿಯ ತೋಳಿನ ಕಲೆ, ಎಲ್ಲವನ್ನೂ ಒಂದೇ ನೋಟದಲ್ಲಿ ಬಾಚಿಕೊಂಡಳು.

"ಹೊಟ್ಟೆಹುಣ್ಣು ಅಂದ್ಯಲ್ಲಮ್ಮ?"

"ಸುಳ್ಳು ಹೇಳಿದ್ದೆ ಅತ್ತೆ" ಅಂದಳು ಮಗಳು. ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. "ಅಪ್ಪನಿಗೆ ಯಾವ ಹುಣ್ಣೂ ಇಲ್ಲ. ಕುಡುಕ ಆಗಿದ್ರು. ಊರಿಗೆಲ್ಲ ಗೊತ್ತು, ನಿಮಗೆ ಮಾತ್ರ ಗೊತ್ತಿರಲಿಲ್ಲ, ನಾನೇ ಮುಚ್ಚಿಟ್ಟಿದ್ದೆ. ಒಂಬತ್ತು ವರ್ಷ ಆಯ್ತು ಬಿಟ್ಟು. ಒಂದು ಹನಿ ಮುಟ್ಟಿಲ್ಲ."

ಬೀಗಿತ್ತಿ ಅಳತೆಯಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಜನ್ಮದಲ್ಲಿ ಮೊದಲ ಸಲ ಅವನು ಇನ್ನೊಬ್ಬರ ಕಣ್ಣಿನ ಅಳತೆಗೆ ಸಿಕ್ಕಿ ಕಲ್ಲಾಗಿ ನಿಂತ.

"ಇವತ್ತು?" ಅಂದಳು ಬೀಗಿತ್ತಿ.

"ಇವತ್ತೂ ಇಲ್ಲ" ಅಂದಳು ಮಗಳು. ತಿರುಗಿ ಮೇಜಿನ ಕಡೆ ನೋಡಲೂ ಇಲ್ಲ. "ನಾನೇ ಈಗ ಅಳೆದು ನೋಡಿದೆ ಅತ್ತೆ. ಏಳಕ್ಕೆ ಏಳೂ ಸರಿಯಾಗಿದೆ."

ಅಳತೆಯಣ್ಣನಿಗೆ ನಿಲ್ಲಲಾಗಲಿಲ್ಲ. ಬಾಗಿಲ ಹಿಂದಿನ ನಿಲುವಂಗಿಗಳಲ್ಲಿ ಮುಖ ಹುದುಗಿಸಿಕೊಂಡು, ಬೀಗರು ಕೇಳಲಿ, ಊರೇ ಕೇಳಲಿ, ಬಿಕ್ಕಿಬಿಕ್ಕಿ ಅತ್ತುಬಿಟ್ಟ.